ಮಡಿಲು ಮತ್ತು ಆಸನ: ವಾಹನದಲ್ಲಿ ಮಗುವಿನ ಸ್ಥಾನವನ್ನು ಕುರಿತು ಒಂದು ಚಾರಿತ್ರಿಕ ವಿವೇಚನೆ

ಹೊಸಹೊಳಲು ಎಂಬ ಹೆಸರು ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತವಾಗಿರುವುದು ಅಲ್ಲಿಯ ಲಕ್ಷ್ಮೀನಾರಾಯಣ ದೇವಾಲಯದಿಂದ. ಹದಿಮೂರನೆಯ ಶತಮಾನದ ಮಧ್ಯಭಾಗದಲ್ಲಿ, ಹೊಯ್ಸಳ ವೀರ ಸೋಮೇಶ್ವರನ ಕಾಲದಲ್ಲಿ ನಿರ್ಮಿತವಾದುದೆಂದು ವಿದ್ವಾಂಸರು ನಿರ್ಣಯಿಸಿರುವ ಈ ತ್ರಿಕೂಟ ದೇವಾಲಯದ ಅಧಿಷ್ಠಾನದಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರ ಸಾಲು, ಅದರ ಮೇಲೆ ಬಳ್ಳಿಯ ಪಟ್ಟಿಕೆ, ಪುರಾಣಕಥೆಗಳ ಪಟ್ಟಿಕೆ ಇವು ಕ್ರಮವಾಗಿ ಬಂದಿವೆ. ರಾಜನ ಸವಾರಿ, ಸೇನೆಯ ಸವಾರಿ, ದೇವರ ಸವಾರಿ ಇವನ್ನು ಕುರಿತು ಶಿಲ್ಪಿಯೂ ಹೇಳಿದ್ದಾನೆ, ಶಾಸನಕವಿಯೂ ಹೇಳಿದ್ದಾನೆ, ಅವರನ್ನು ಅನುಸರಿಸಿ ನಾವೂ ಬೇಕಾದಷ್ಟು ಬರೆದಿದ್ದೇವೆ. ಅದೇ ಊರಿನ ಒಕ್ಕಲು ಹೆಣ್ಣುಮಗಳೊಬ್ಬಳು ಎಳೆಗೂಸನ್ನು ಕರೆದುಕೊಂಡು ತವರಿನಿಂದ ಗಂಡನ ಮನೆಗೆ ಹೇಗೆ ಹೋದಳೆಂಬುದನ್ನು ಹೇಳಬೇಕಾದ ಕಾರಣ ಯಾವ ಶಾಸನಕ್ಕೂ ಇರಲಿಲ್ಲ. ವಾಹನದಲ್ಲಿ ಮಗು ಎಲ್ಲಿ ಕುಳಿತಿದ್ದಿತು, ಅದು ಅಲ್ಲಿಯೇ ಕುಳಿತಿರಬೇಕೆಂದು ನಿಶ್ಚಯಿಸಿದವರು ಯಾರು, ಆ ನಿಶ್ಚಯವು ಯಾವಾಗ ಪ್ರಶ್ನೆಗೆ ಒಳಗಾಯಿತು ಎಂಬ ಮೂರು ಸಂಗತಿಗಳನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಲು ಉದ್ದೇಶಿಸಿದೆ.

ಈ ವಿಚಾರಕ್ಕೆ ನಿಮಿತ್ತವಾದುದು ಒಂದು ಶಾಸನವೇ; ಆದರೆ ಕಲ್ಲಿನ ಮೇಲೆ ಬರೆದುದಲ್ಲ. ಮೋಟಾರು ವಾಹನಗಳ ಅಧಿನಿಯಮಕ್ಕೆ 2019ರಲ್ಲಿ ಆದ ತಿದ್ದುಪಡಿಯು ಹದಿನಾಲ್ಕು ವರ್ಷ ತುಂಬದ ಮಗುವನ್ನು ಸೀಟು ಬೆಲ್ಟಿನಿಂದಲಾಗಲಿ ಮಕ್ಕಳಿಗಾಗಿಯೇ ಮಾಡಿದ ರಕ್ಷಣಾ ಸಾಧನದಿಂದಾಗಲಿ ಭದ್ರಪಡಿಸದೆ ವಾಹನ ನಡೆಸುವುದನ್ನು ಅಪರಾಧವೆಂದು ಸಾರಿತು. ಭಾರತದ ಅಧಿನಿಯಮದ ಪಾಠದಲ್ಲಿ ಕಾರಿನೊಳಗಿನ ಮಗುವು ರಕ್ಷಣೆಗೆ ಅರ್ಹವಾದ ಒಬ್ಬ ಪ್ರಯಾಣಿಕನಾಗಿ ಕಾಣಿಸಿಕೊಂಡುದು ಆಗಲೇ. ಹಾಗಾದರೆ ಅದುವರೆಗೆ ಮಗುವಿನ ಸ್ಥಾನ ಯಾವುದಾಗಿದ್ದಿತು? ಮಡಿಲು ಎಂಬುದೇ ಉತ್ತರ. ಈ ಉತ್ತರದ ಹಿಂದೆ ದೀರ್ಘವಾದ ಅನುಭವವೊಂದು ಅಡಗಿರುವುದರಿಂದ ಅದನ್ನು ಕೇವಲ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಪ್ರದೇಶವನ್ನೇ ತೆಗೆದುಕೊಳ್ಳೋಣ. ಬಂಡಿಯ ದಾರಿಗಳು ಹರಡುವ ಮೊದಲು ಇಲ್ಲಿ ಸರಕು ಸಾಗುತ್ತಿದ್ದುದು ಬಹುಮಟ್ಟಿಗೆ ಹೇರೆತ್ತುಗಳ ಮೇಲೆ; ಜನ ನಡೆಯುತ್ತಿದ್ದುದು ಕಾಲಿನಲ್ಲಿ; ಮಗು ಇರುತ್ತಿದ್ದುದು ತಾಯಿಯ ಕಂಕುಳಲ್ಲಿ, ಇಲ್ಲವೆ ಬೆನ್ನಿಗೆ ಕಟ್ಟಿದ ಜೋಲಿಯಲ್ಲಿ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ವೆಲ್ಲೆಸ್ಲಿ ಸೇತುವೆ ಪೂರ್ಣವಾಯಿತು. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನ ಆಡಳಿತದಲ್ಲಿ ಬಂಡಿ ಓಡುವ ರಸ್ತೆಗಳು ಮೈಸೂರು ಸೀಮೆಯಲ್ಲೆಲ್ಲ ಬೆಳೆದುವು. ಹಳ್ಳಿಕಾರ್ ಎತ್ತುಗಳ ಸೀಮೆಯಾದ ಇಲ್ಲಿ ಗಾಡಿಯು ಮನೆತನದ ಗೌರವದ ವಸ್ತುವಾದುದರಲ್ಲಿ ಆಶ್ಚರ್ಯವಿಲ್ಲ. ಮದುವೆಗೋ ಜಾತ್ರೆಗೋ ಹೊರಡುವ ಕಮಾನುಗಾಡಿಗೆ ಮೊದಲು ಹುಲ್ಲನ್ನು ದಪ್ಪವಾಗಿ ಹಾಸುವರು. ಅದರ ಮೇಲೆ ಜಮಖಾನ. ಹೆಂಗಸರು ಮಧ್ಯದಲ್ಲಿ, ಮಕ್ಕಳು ಅವರ ತೊಡೆಯ ಮೇಲೆ, ಗಂಡಸರು ಮುಂದೆಯೋ ಹಿಂದೆಯೋ ಕಾಲು ಇಳಿಬಿಟ್ಟುಕೊಂಡು. ಕಡಾಣಿ ಕಳಚಿ ಚಕ್ರ ಬೀಳುವುದು, ಎತ್ತು ಬೆದರಿ ಹಳ್ಳಕ್ಕೆ ಇಳಿಯುವುದು ಇಂಥ ಅಪಾಯಗಳು ಇಲ್ಲದೆ ಇರಲಿಲ್ಲ. ಆದರೆ ಗಾಡಿಯ ವೇಗ ಗಂಟೆಗೆ ಎರಡು ಮೂರು ಮೈಲಿ, ಎಂದರೆ ನಡೆಯುವ ಮನುಷ್ಯನ ವೇಗ. ಆ ವೇಗದಲ್ಲಿ ಗಾಡಿ ಥಟ್ಟನೆ ನಿಂತರೆ ತಾಯಿಯ ಎರಡು ತೋಳುಗಳು ಮಗುವನ್ನು ಹಿಡಿದು ನಿಲ್ಲಿಸಲು ಸಾಕು. ಕೈ ತಪ್ಪಿದರೂ ಬೀಳುವುದು ಹುಲ್ಲಿನ ಮೇಲೆ. ತಾಯಿಯ ಮಡಿಲಿಗಿಂತ ಭದ್ರವಾದ ತಾಣವಿಲ್ಲ ಎಂಬ ನಂಬಿಕೆಯು ಹೀಗೆ ತಲೆಮಾರುಗಳ ಪರೀಕ್ಷೆಯಲ್ಲಿ ಗೆದ್ದು ಬಂದುದಾಗಿದ್ದಿತು. ಎತ್ತಿನ ವೇಗಕ್ಕೆ ಅದು ಸತ್ಯ. ಆ ಸತ್ಯವು ಎತ್ತಿನ ಗಾಡಿಯಿಂದ ಇಳಿದು, ಯಾರ ಅಪ್ಪಣೆಯನ್ನೂ ಕೇಳದೆ, ಮೋಟಾರನ್ನು ಹತ್ತಿತೆಂಬುದೇ ನಮ್ಮ ಕಥೆಯ ಮುಖ್ಯ ಘಟ್ಟ.

ನಡುವೆ ಉಗಿಬಂಡಿಯೂ ಬಸ್ಸೂ ಬಂದುವು. ಬೆಂಗಳೂರು–ಮೈಸೂರು ರೈಲು ಮಾರ್ಗವು 1882ರಲ್ಲಿ ಮೈಸೂರನ್ನು ಮುಟ್ಟಿತು. ಇಂದಿನ ಪಾಂಡವಪುರವು ಆಗ ಫ್ರೆಂಚ್ ರಾಕ್ಸ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದ್ದಿತು. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯು 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳಿಂದ ಆರಂಭವಾಗಿ 1961ರಲ್ಲಿ ನಿಗಮವಾಯಿತು. ಇವುಗಳ ಚರಿತ್ರೆಯನ್ನು ಇಲ್ಲಿ ವಿಸ್ತರಿಸುವ ಆವಶ್ಯಕತೆಯಿಲ್ಲ. ನಮಗೆ ಪ್ರಸ್ತುತವಾದ ಸಂಗತಿ ಒಂದೇ: ಮಗುವು ಇಲ್ಲಿ ಮೊದಲ ಬಾರಿಗೆ ಲೆಕ್ಕಪುಸ್ತಕವನ್ನು ಪ್ರವೇಶಿಸಿತು, ಮತ್ತು ಅರ್ಧವಾಗಿ ಪ್ರವೇಶಿಸಿತು. ನಮ್ಮ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಆರು ವರ್ಷ ತುಂಬದ ಮಗುವಿಗೆ ಟಿಕೆಟ್ಟಿಲ್ಲ. ಆರರಿಂದ ಹನ್ನೆರಡರವರೆಗೆ ಅರ್ಧ ಟಿಕೆಟ್ಟು. ಟಿಕೆಟ್ಟಿಲ್ಲದ ಮಗುವಿಗೆ ಸ್ಥಳವೂ ಇಲ್ಲವಾದುದರಿಂದ ಅದರ ಸ್ಥಳ ಮಡಿಲು. ರೈಲ್ವೆಯಲ್ಲಿ ಐದರಿಂದ ಹನ್ನೆರಡು ವರ್ಷದ ಮಗುವಿಗೆ ಬಹುಕಾಲ ಅರ್ಧ ದರದಲ್ಲಿಯೇ ಮಲಗುವ ಸ್ಥಳ ದೊರೆಯುತ್ತಿದ್ದಿತು. 2016ರ ಏಪ್ರಿಲಿನಿಂದ, ಪ್ರತ್ಯೇಕ ಸ್ಥಳ ಬೇಕಾದರೆ ಪೂರ್ಣ ದರ ಎಂದಾಯಿತು. ತನ್ನದೇ ಜಾಗ ಬೇಕೆಂದು ಕೇಳಿದ ಕ್ಷಣದಲ್ಲಿ ಮಗು ಪೂರ್ಣ ಮನುಷ್ಯನಾಗುತ್ತದೆಂಬ ಈ ಲೆಕ್ಕಾಚಾರದಲ್ಲಿ ತತ್ತ್ವಜ್ಞಾನಿಗಳಿಗೂ ಸ್ವಲ್ಪ ವಿಷಯವಿದೆ.

ಶಾಲಾ ವಾಹನಗಳ ವಿಷಯದಲ್ಲಿಯೂ ಇದೇ ಭಿನ್ನರಾಶಿ. ದೆಹಲಿಯ ವಜೀರಾಬಾದಿನಲ್ಲಿ 1997ರ ನವೆಂಬರಿನಲ್ಲಿ ಶಾಲಾ ಬಸ್ಸೊಂದು ಯಮುನೆಗೆ ಬಿದ್ದು ಅನೇಕ ಮಕ್ಕಳು ಮೃತರಾದ ಮೇಲೆ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ನಿರ್ದೇಶನಗಳಲ್ಲಿ, ಹನ್ನೆರಡು ವರ್ಷದೊಳಗಿನ ಮಕ್ಕಳಾದರೆ ಆಸನಸಂಖ್ಯೆಯ ಒಂದೂವರೆ ಪಾಲಿಗೆ ಮೀರಬಾರದೆಂದು ಹೇಳಿದೆ. ಅಂದಿನ ಸ್ಥಿತಿಯಲ್ಲಿ ಅದು ಸಡಿಲಿಕೆಯಲ್ಲ, ಕಟ್ಟುಪಾಡೇ. ಏಕೆಂದರೆ ಅದಕ್ಕೆ ಮೊದಲು ಎರಡು ಪಾಲು, ಮೂರು ಪಾಲು ತುಂಬುವ ವಾಹನಗಳಿದ್ದುವು. ಆದರೂ ಎರಡು ಆಸನಕ್ಕೆ ಮೂರು ಮಕ್ಕಳೆಂಬ ಗಣಿತದಲ್ಲಿ ಪ್ರತಿಯೊಂದು ಮಗುವಿಗೂ ಒಂದು ಬೆಲ್ಟು ಎಂಬ ಭಾವನೆಗೆ ಎಡೆಯಿರುವುದಿಲ್ಲವೆಂಬುದನ್ನು ಗಮನಿಸಬೇಕು.

ಖಾಸಗಿ ಕಾರಿನ ವಿಷಯದಲ್ಲಿ ಕಾನೂನು ಇನ್ನೂ ಮೌನವಾಗಿದ್ದಿತು. 1939ರ ಅಧಿನಿಯಮದಲ್ಲಿ ಎಳೆಯರ ಮಾತು ಬರುವುದು ಮುಖ್ಯವಾಗಿ ವಾಹನ ನಡೆಸುವುದಕ್ಕೆ ಹದಿನೆಂಟು ವರ್ಷ ತುಂಬಿರಬೇಕೆಂಬ ವಿಧಿಯಲ್ಲಿ. ಅಂಬಾಸಿಡರ್ ಕಾರಿನ ಹಳೆಯ ಮಾದರಿಗಳಲ್ಲಿ ಮುಂದಿನ ಆಸನವೂ ಬೆಂಚಿನಂತೆ ಅಖಂಡವಾಗಿದ್ದಿತು. ತಂದೆ ತಾಯಿಗಳ ನಡುವೆ ಮಗು ಎದ್ದು ನಿಂತು ಎದುರಿನ ರಸ್ತೆಯನ್ನು ನೋಡುತ್ತ ಹೋಗುವುದು ಆ ಕಾಲದ ಸಂಭ್ರಮಗಳಲ್ಲಿ ಒಂದು. ಸ್ಕೂಟರಿನಲ್ಲಿ ಆ ಸ್ಥಾನ ಸವಾರನ ಮೊಣಕಾಲುಗಳ ಮುಂದೆ. 1983ರ ಡಿಸೆಂಬರಿನಲ್ಲಿ ಮಾರುತಿ ಕಾರು ಬಂದ ಮೇಲೆ ಕಾರು ಮಧ್ಯಮ ವರ್ಗದ ಮನೆಗೆ ಇಳಿಯಿತು, ವೇಗವೂ ಏರಿತು. ಮುಂದಿನ ಆಸನಗಳ ಬೆಲ್ಟು 1994ರಿಂದ, ಹಿಂದಿನ ಆಸನಗಳದು 2002ರಿಂದ ಕಡ್ಡಾಯವಾದುವು. ಈ ಬೆಲ್ಟುಗಳೆಲ್ಲವೂ ವಯಸ್ಕರ ದೇಹದ ಅಳತೆಗೆ ಮಾಡಿದುವು. ಭುಜದ ಮೇಲೆ ಹಾಯಬೇಕಾದ ಪಟ್ಟಿ ಮಗುವಿಗೆ ಕೊರಳಿನ ಮೇಲೆ ಹಾಯುತ್ತದೆ. ಸೊಂಟದ ಮೂಳೆಯ ಮೇಲೆ ಕೂರಬೇಕಾದ ಪಟ್ಟಿ ಹೊಟ್ಟೆಯ ಮೇಲೆ ಕೂರುತ್ತದೆ.

ಇದೇ ದಶಕಗಳಲ್ಲಿ ಪಶ್ಚಿಮದ ದೇಶಗಳಲ್ಲಿ ಏನು ನಡೆಯುತ್ತಿದ್ದಿತೆಂಬುದನ್ನು ನೋಡುವುದು ಉಚಿತ. ಅಲ್ಲಿಯೂ ಪ್ರಾರಂಭವು ವಿವೇಕದಿಂದ ಆದುದಲ್ಲ. 1930ರ ದಶಕದಲ್ಲಿ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಮಕ್ಕಳ ಆಸನಗಳ ಉದ್ದೇಶ ಮಗುವನ್ನು ಎತ್ತರಿಸಿ ಕಿಟಕಿಯಿಂದ ಹೊರಗೆ ನೋಡುವಂತೆ ಮಾಡುವುದು, ಅದು ಅತ್ತಿತ್ತ ಓಡಾಡಿ ಚಾಲಕನಿಗೆ ತೊಂದರೆ ಕೊಡದಂತೆ ತಡೆಯುವುದು, ಇಷ್ಟೆ. ಅಪಘಾತವಾದರೆ ಮಗುವಿನ ಗತಿಯೇನೆಂಬ ಪ್ರಶ್ನೆ ಎದ್ದುದು 1960ರ ದಶಕದಲ್ಲಿ. ಸ್ವೀಡನ್ನಿನ ವೋಲ್ವೋ ಸಂಸ್ಥೆಯಲ್ಲಿ ನಿಲ್ಸ್ ಬೋಲಿನ್ ಎಂಬ ತಂತ್ರಜ್ಞನು 1959ರಲ್ಲಿ ಮೂರು ಬಿಂದುಗಳ ಬೆಲ್ಟನ್ನು ರೂಪಿಸಿದ್ದನು. 1962ರಲ್ಲಿ ಇಂಗ್ಲೆಂಡಿನ ಜೀನ್ ಏಮ್ಸ್, ಅಮೆರಿಕದ ಲೆನರ್ಡ್ ರಿವ್ಕಿನ್ ಇವರು ಬೇರೆಬೇರೆಯಾಗಿ ಪಟ್ಟಿಗಳಿರುವ ಮಕ್ಕಳ ಆಸನಗಳನ್ನು ಕಲ್ಪಿಸಿದರು. ಇವರೆಲ್ಲರಿಗಿಂತ ಆಳವಾಗಿ ಆಲೋಚಿಸಿದವನು ಸ್ವೀಡನ್ನಿನ ವೈದ್ಯ ಬರ್ಟಿಲ್ ಆಲ್ಡ್‌ಮನ್. ಜೆಮಿನಿ ಗಗನಯಾತ್ರಿಗಳು ಉಡಾವಣೆಯ ಹೊಡೆತವನ್ನು ಬೆನ್ನಿನ ಮೇಲೆ ಒರಗಿ ತಡೆದುಕೊಳ್ಳುವ ರೀತಿಯನ್ನು ಕಂಡು, ಎಳೆಯ ಮಗುವನ್ನು ಕಾರಿನಲ್ಲಿ ಹಿಮ್ಮುಖವಾಗಿ ಕೂರಿಸಬೇಕೆಂಬ ಯೋಚನೆ ಅವನಿಗೆ ಹೊಳೆಯಿತೆಂದು ಹೇಳುತ್ತಾರೆ. 1964ರಲ್ಲಿ ಅವನ ಮಾದರಿ ಪರೀಕ್ಷೆಗೆ ಸಿದ್ಧವಾಯಿತು.

ಹಿಮ್ಮುಖವೇಕೆ? ಹುಟ್ಟಿದ ಮಗುವಿನ ತಲೆ ಅದರ ಉದ್ದದ ನಾಲ್ಕನೆಯ ಒಂದು ಭಾಗ. ವಯಸ್ಕನದಾದರೋ ಸುಮಾರು ಎಂಟನೆಯ ಒಂದು ಭಾಗ. ಇಂಥ ಭಾರವಾದ ತಲೆಯನ್ನು ಹೊತ್ತಿರುವ ಕೊರಳಿನ ಮೂಳೆಗಳು ಇನ್ನೂ ಮೃದ್ವಸ್ಥಿಯಿಂದ ಕೂಡಿರುತ್ತವೆ. ಮುಮ್ಮುಖವಾಗಿ ಕೂತ ಕೂಸಿನ ದೇಹವನ್ನು ಪಟ್ಟಿ ತಡೆದರೂ ತಲೆ ಮುಂದಕ್ಕೆ ಎಸೆಯಲ್ಪಟ್ಟು ಕೊರಳು ಎಳೆಯಲ್ಪಡುತ್ತದೆ. ಹಿಮ್ಮುಖವಾಗಿದ್ದರೆ ತಲೆ, ಕೊರಳು, ಬೆನ್ನು ಒಟ್ಟಿಗೆ ಆಸನದ ಬೆನ್ನಿಗೆ ಒತ್ತಿ ಹೊಡೆತ ಹರಡಿಹೋಗುತ್ತದೆ. ನಮ್ಮ ಅಜ್ಜಿಯರು ಕೂಸಿನ ಕತ್ತು ನಿಲ್ಲುವವರೆಗೆ ತಲೆಯ ಕೆಳಗೆ ಅಂಗೈ ಇಟ್ಟೇ ಎತ್ತಬೇಕೆಂದು ಹೇಳುತ್ತಿದ್ದುದು ಇದೇ ಶರೀರಜ್ಞಾನ. ಆಲ್ಡ್‌ಮನ್ನನ ಆಸನವು ಆ ಅಂಗೈಯನ್ನು ಮೋಟಾರಿನ ವೇಗಕ್ಕೆ ಹಿಗ್ಗಿಸಿದುದೆಂದರೆ ತಪ್ಪಾಗಲಾರದು.

ವಿಜ್ಞಾನವು ಸಿದ್ಧವಾದ ಮೇಲೂ ಮಡಿಲು ಸೋಲಲಿಲ್ಲ. ಇದಕ್ಕೆ ಅಮೆರಿಕದ ಟೆನೆಸಿ ಸಂಸ್ಥಾನದ ಕಥೆ ಉತ್ತಮವಾದ ನಿದರ್ಶನ. ಅಲ್ಲಿಯ ಮಕ್ಕಳ ವೈದ್ಯ ರಾಬರ್ಟ್ ಸ್ಯಾಂಡರ್ಸ್ ಎಂಬವರ ಸತತ ಪ್ರಯತ್ನದಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸುರಕ್ಷಾಸನವನ್ನು ಕಡ್ಡಾಯಪಡಿಸುವ ಶಾಸನವು 1977ರಲ್ಲಿ ಅಂಗೀಕೃತವಾಗಿ 1978ರ ಜನವರಿ 1ರಿಂದ ಜಾರಿಗೆ ಬಂದಿತು. ಅಮೆರಿಕದ ಸಂಸ್ಥಾನಗಳಲ್ಲಿ ಇದೇ ಮೊದಲನೆಯದು. ಆದರೆ ಶಾಸನಸಭೆಯು ಒಂದು ವಿನಾಯಿತಿಯನ್ನು ಸೇರಿಸಿತು: ದೊಡ್ಡವರು ತೋಳಿನಲ್ಲಿ ಎತ್ತಿಕೊಂಡಿರುವ ಮಗುವಿಗೆ ಆಸನ ಬೇಕಾಗಿಲ್ಲ! ತಾಯಿ ಮಗುವನ್ನು ಎತ್ತಿಕೊಳ್ಳುವುದನ್ನು ಸರ್ಕಾರ ತಡೆಯುವುದೆ ಎಂಬ ಭಾವನೆ ಅಲ್ಲಿಯೂ ಅಷ್ಟು ಪ್ರಬಲವಾಗಿದ್ದಿತು. ಸ್ಯಾಂಡರ್ಸರು ಇದನ್ನು ಮಗುವನ್ನು ಜಜ್ಜುವ ತಿದ್ದುಪಡಿಯೆಂದು ಕರೆದರು. ಏಕೆಂದರೆ ಅಪಘಾತದಲ್ಲಿ ಎತ್ತಿಕೊಂಡವರ ದೇಹದ ಭಾರವೇ ಕೂಸನ್ನು ಎದುರಿನ ಹಲಗೆಗೆ ಒತ್ತಿ ನಜ್ಜುಗುಜ್ಜು ಮಾಡುತ್ತದೆ. 1981ರಲ್ಲಿ ಆ ವಿನಾಯಿತಿ ರದ್ದಾಯಿತು. 1985ರ ವೇಳೆಗೆ ಐವತ್ತು ಸಂಸ್ಥಾನಗಳಲ್ಲಿಯೂ ಇಂಥ ಶಾಸನಗಳು ಬಂದಿದ್ದುವು. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ಗಣನೆಯಂತೆ ಸುರಕ್ಷಾಸನವು ಕಾರಿನಲ್ಲಿ ಒಂದು ವರ್ಷದೊಳಗಿನ ಕೂಸುಗಳ ಮರಣವನ್ನು ಶೇಕಡ 71ರಷ್ಟೂ, ಒಂದರಿಂದ ನಾಲ್ಕು ವರ್ಷದವರ ಮರಣವನ್ನು ಶೇಕಡ 54ರಷ್ಟೂ ಕಡಿಮೆ ಮಾಡುತ್ತದೆ.

ಎತ್ತಿನ ಗಾಡಿಯ ಸತ್ಯವು ಕಾರಿನಲ್ಲಿ ಹೇಗೆ ಸುಳ್ಳಾಯಿತೆಂಬುದನ್ನು ಸರಳವಾದ ಗಣಿತದಿಂದ ತೋರಿಸಬಹುದು. ಗಂಟೆಗೆ 50 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಡಿಕ್ಕಿಯಲ್ಲಿ ಈ ವೇಗವು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಶೂನ್ಯವಾಯಿತೆಂದು ಭಾವಿಸಿದರೆ, 10 ಕಿಲೋಗ್ರಾಮ್ ತೂಕದ ಮಗುವನ್ನು ಹಿಡಿದು ನಿಲ್ಲಿಸಲು ಸುಮಾರು 140 ಕಿಲೋಗ್ರಾಮ್ ಭಾರವನ್ನು ಹಿಡಿಯುವಷ್ಟು ಬಲ ಬೇಕು. ಎಂದರೆ ಮೂರು ಮೂಟೆ ಸಿಮೆಂಟಿಗೆ ಸ್ವಲ್ಪ ಕಡಿಮೆ. ಗಂಟೆಗೆ 100 ಕಿಲೋಮೀಟರ್ ಆದರೆ, ಅಷ್ಟೇ ಕಾಲದಲ್ಲಿ ನಿಲ್ಲಬೇಕಾದಾಗ, ಅದು ಸುಮಾರು 280 ಆಗುತ್ತದೆ. ಯಾವ ತಾಯಿಯ ತೋಳಿಗೂ, ಅವಳ ವಾತ್ಸಲ್ಯ ಎಷ್ಟೇ ಇರಲಿ, ಈ ಬಲವಿಲ್ಲ. ಗಂಟೆಗೆ ನಾಲ್ಕು ಕಿಲೋಮೀಟರ್ ಹೋಗುವ ಗಾಡಿಗಿಂತ ನೂರು ಕಿಲೋಮೀಟರ್ ಹೋಗುವ ಕಾರಿನ ವೇಗ ಇಪ್ಪತ್ತೈದು ಪಟ್ಟು; ಆದರೆ ಚಲನೆಯ ಶಕ್ತಿ ವೇಗದ ವರ್ಗದಂತೆ ಬೆಳೆಯುವುದರಿಂದ ಅದು ಆರುನೂರ ಇಪ್ಪತ್ತೈದು ಪಟ್ಟು. ಒಂದೇ ಬೆಲ್ಟನ್ನು ತನಗೂ ಮಡಿಲಿನ ಮಗುವಿಗೂ ಸೇರಿಸಿ ಕಟ್ಟಿಕೊಳ್ಳುವ ಪದ್ಧತಿಯಂತೂ ಬರಿಯ ಮಡಿಲಿಗಿಂತಲೂ ಕೇಡು. ಅಲ್ಲಿ ಮಗುವೇ ಬೆಲ್ಟಿಗೂ ದೊಡ್ಡವರ ದೇಹಕ್ಕೂ ನಡುವಣ ಮೆತ್ತೆಯಾಗುತ್ತದೆ.

ಈ ಗಣಿತವು ನಮ್ಮ ನಾಲ್ಕು ತಾಲ್ಲೂಕುಗಳಿಗೆ ದೂರದ ಮಾತಲ್ಲ. ಬೆಂಗಳೂರು–ಮೈಸೂರು ಹತ್ತು ಪಥಗಳ ಹೆದ್ದಾರಿಯು 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲಿಯೇ ಉದ್ಘಾಟಿತವಾಯಿತು; ಶ್ರೀರಂಗಪಟ್ಟಣವನ್ನು ಬಳಸಿಕೊಂಡು ಹೋಗುವ ಈ ಮಾರ್ಗದಲ್ಲಿ ಕಾರಿಗೆ ಗಂಟೆಗೆ 100 ಕಿಲೋಮೀಟರ್ ವೇಗವನ್ನು ಗೊತ್ತುಪಡಿಸಲಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರ್ಯಾಕ್ಟರುಗಳಿಗೆ ಅದರ ಮುಖ್ಯ ಪಥಗಳಲ್ಲಿ ಪ್ರವೇಶ ನಿಷೇಧವಾಯಿತು. ಅತ್ತ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸಿನ ಮೂಲಕ ಬೆಂಗಳೂರು–ಮಂಗಳೂರು ಹೆದ್ದಾರಿ ಹಾದಿದೆ. ಕಬ್ಬಿನ ಗಾಡಿಯ ಹಿಂದೆ ಹತ್ತು ಕಿಲೋಮೀಟರ್ ವೇಗದಲ್ಲಿ ತೆವಳುತ್ತ ಬಂದ ಬಾಡಿಗೆ ಕಾರು ಹೆದ್ದಾರಿಯನ್ನು ಹತ್ತಿದ ಕೆಲವೇ ಕ್ಷಣಗಳಲ್ಲಿ ನೂರರ ವೇಗವನ್ನು ಹಿಡಿಯುತ್ತದೆ. ಒಳಗೆ ಕುಳಿತವರ ವ್ಯವಸ್ಥೆ ಮಾತ್ರ ಬದಲಾಗುವುದಿಲ್ಲ. ಮೇಲುಕೋಟೆಯ ವೈರಮುಡಿಗೋ ಬೆಂಗಳೂರಿನ ಆಸ್ಪತ್ರೆಗೋ ಹೊರಟ ಸಂಸಾರವು ಕಮಾನುಗಾಡಿಯಲ್ಲಿ ಕೂತಂತೆಯೇ ಕೂತಿರುತ್ತದೆ, ಹುಲ್ಲಿನ ಹಾಸು ಒಂದಿಲ್ಲ.

ಕೂಸಿನ ಮೊದಲ ಪ್ರಯಾಣ ಯಾವುದು? ಈಗ ಬಹುತೇಕ ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುವುದರಿಂದ ಅದು ಆಸ್ಪತ್ರೆಯಿಂದ ಮನೆಗೆ ಬರುವ ಪ್ರಯಾಣ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಹೆರಿಗೆ, ಔಷಧ, ರಕ್ತ, ಪರೀಕ್ಷೆ, ಆಹಾರಗಳ ಜೊತೆಗೆ ಮನೆಗೆ ಬಿಡುವ ವಾಹನವನ್ನೂ ಹಕ್ಕಾಗಿ ಕೊಟ್ಟಿತು. ಕರ್ನಾಟಕದಲ್ಲಿ ಇದಕ್ಕಾಗಿ ನಗು–ಮಗು ಎಂಬ ಸೊಗಸಾದ ಹೆಸರಿನ ವಾಹನಗಳು ಬಂದುವು. ಬಾಣಂತಿಯನ್ನು ನಡೆಯಿಸದೆ ಮನೆಗೆ ಮುಟ್ಟಿಸುವ ಈ ಏರ್ಪಾಡು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಹಕ್ಕುಗಳ ಪಟ್ಟಿಯಲ್ಲಿ ವಾಹನವಿದೆ, ವಾಹನದೊಳಗೆ ಕೂಸಿನ ಆಸನದ ಮಾತಿಲ್ಲ. ಸುರಕ್ಷಾಸನವು ಸಿರಿವಂತರ ಕಾರಿಗೆ ಮಾತ್ರ ಸಂಬಂಧಪಟ್ಟುದೆಂಬ ಆಕ್ಷೇಪಕ್ಕೆ ಇಲ್ಲಿ ಒಂದು ಸಮಾಧಾನ ದೊರೆಯಬಹುದೆಂದು ನಮಗೆ ತೋರುತ್ತದೆ. ಮನೆಗೊಂದು ಆಸನ ಕೊಳ್ಳುವುದು ಹೊಸಹೊಳಲಿನ ಸಾಮಾನ್ಯ ಒಕ್ಕಲಿಗೆ ಭಾರ. ವರ್ಷಕ್ಕೆ ಎರಡು ಸಲ ಕಾರು ಬಾಡಿಗೆಗೆ ಹಿಡಿಯುವವರಿಗೆ ಅನಗತ್ಯವೆಂದು ಕಾಣುವುದೂ ಸಹಜ. ವಾಹನಕ್ಕೊಂದು ಆಸನವಿಡುವುದು ಹಾಗಲ್ಲ. ಒಂದೇ ಆಸನವು ನೂರಾರು ಕೂಸುಗಳಿಗೆ ಒದಗುತ್ತದೆ.

ಆಸನವು ಎಲ್ಲಕ್ಕೂ ಪರಿಹಾರವೆಂದು ಹೇಳುವುದು ನಮ್ಮ ಉದ್ದೇಶವಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು ಮೂವತ್ತು ಮಂದಿ ಮೃತರಾದರು. ಶಾಲೆಯಿಂದ ಮರಳುತ್ತಿದ್ದ ಮಕ್ಕಳೂ ಅವರಲ್ಲಿದ್ದರು. ಅಲ್ಲಿ ಬೇಕಾಗಿದ್ದುದು ನಾಲೆಯ ಏರಿಗೆ ತಡೆಗೋಡೆ, ಓಡಲು ಯೋಗ್ಯವಾದ ಬಸ್ಸು. ಈ ಸೀಮೆಯ ಮಕ್ಕಳಲ್ಲಿ ಹೆಚ್ಚಿನವರು ಸಂಚರಿಸುವುದು ಇಂದಿಗೂ ಬಸ್ಸು, ಆಟೋ, ಮೋಟಾರು ಸೈಕಲ್ಲುಗಳಲ್ಲಿ ಎಂಬುದನ್ನೂ ಮರೆಯುವಂತಿಲ್ಲ.

ಇನ್ನು 2019ರ ಶಾಸನದ ಪಾಠಕ್ಕೆ ಮರಳೋಣ. ಅಧಿನಿಯಮದ 194-ಬಿ ಕಲಮಿನ ಎರಡನೆಯ ಉಪಕಲಮು ದಂಡವನ್ನು ವಿಧಿಸುವುದು ಚಾಲಕನಿಗೆ, ಮತ್ತು ಹಾಗೆ ನಡೆಸಲು ಅವಕಾಶ ಕೊಟ್ಟವನಿಗೆ. ಮೊತ್ತ ಒಂದು ಸಾವಿರ ರೂಪಾಯಿ. ಇದು ಜಾರಿಗೆ ಬಂದುದು ಆ ವರ್ಷದ ಸೆಪ್ಟೆಂಬರ್ 1ರಿಂದ. 2022ರಲ್ಲಿ ದೇಶದ ರಸ್ತೆಗಳಲ್ಲಿ ಮೃತರಾದ 1,68,491 ಮಂದಿಯಲ್ಲಿ 16,715 ಮಂದಿ ಬೆಲ್ಟು ಧರಿಸದೆ ಇದ್ದವರೆಂದೂ, ಅವರಲ್ಲಿ 8,331 ಮಂದಿ ಚಾಲಕರಲ್ಲದ ಪ್ರಯಾಣಿಕರೆಂದೂ ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. 2023ರ ಅಕ್ಟೋಬರಿನಿಂದ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಕಾರುಗಳಿಗೆ ಮಕ್ಕಳ ರಕ್ಷಣೆಗಾಗಿ ಪ್ರತ್ಯೇಕ ಅಂಕಗಳಿವೆ. ಇವೆಲ್ಲ ಮುನ್ನಡೆಯ ಗುರುತುಗಳೇ. ಆದರೆ ಉಪಕಲಮಿನಲ್ಲಿ ಬೆಲ್ಟು ‘ಅಥವಾ’ ಮಕ್ಕಳ ರಕ್ಷಣಾ ಸಾಧನ ಎಂದಿದೆ. ಎರಡು ವರ್ಷದ ಕೂಸನ್ನು ವಯಸ್ಕರ ಬೆಲ್ಟಿನಿಂದ ಕಟ್ಟಿದರೂ ಅಕ್ಷರಾರ್ಥದಲ್ಲಿ ಕಾನೂನು ಪಾಲಿತವಾದಂತೆಯೇ. ಯಾವ ವಯಸ್ಸಿನವರೆಗೆ ಹಿಮ್ಮುಖ, ಎಷ್ಟು ಎತ್ತರದವರೆಗೆ ಆಸನ, ಎಂದಿನಿಂದ ಬರಿಯ ಬೆಲ್ಟು ಎಂಬ ವಿಭಾಗವನ್ನು ಉಪಕಲಮು ಮಾಡುವುದಿಲ್ಲ. ಯೂರೋಪಿನ ಒಕ್ಕೂಟವು 2003ರ ನಿರ್ದೇಶದಲ್ಲಿ 150 ಸೆಂಟಿಮೀಟರ್ ಎತ್ತರವನ್ನು ಗಡಿಯಾಗಿ ಇಟ್ಟು, ಇಚ್ಛಿಸಿದ ದೇಶಗಳು ಅದನ್ನು 135ಕ್ಕೆ ಇಳಿಸಿಕೊಳ್ಳಲು ಅವಕಾಶ ಕೊಟ್ಟಿತು. ನಮ್ಮಲ್ಲಿಯೇ ಮೋಟಾರು ಸೈಕಲ್ಲಿನ ವಿಷಯದಲ್ಲಿ 2022ರ ಫೆಬ್ರವರಿ 15ರಂದು ಪ್ರಕಟವಾಗಿ ಒಂದು ವರ್ಷದ ಅನಂತರ ಅನ್ವಯವಾಗುವಂತೆ ಮಾಡಿದ ನಿಯಮವು ಎಷ್ಟು ವಿವರವಾಗಿದೆಯೆಂದರೆ, ನಾಲ್ಕು ವರ್ಷದೊಳಗಿನ ಮಗುವನ್ನು ಸವಾರನಿಗೆ ಬಂಧಿಸುವ ಪಟ್ಟಿ ಮೂವತ್ತು ಕಿಲೋಗ್ರಾಮ್ ತಡೆಯಬೇಕು, ಒಂಬತ್ತು ತಿಂಗಳು ಕಳೆದ ಮಗುವಿಗೆ ಅಳತೆಗೆ ಸರಿಯಾದ ಹೆಲ್ಮೆಟ್ಟಿರಬೇಕು, ವೇಗ 40 ಕಿಲೋಮೀಟರನ್ನು ಮೀರಬಾರದು ಎಂದು ಅದರಲ್ಲಿ ಹೇಳಿದೆ. ಸ್ಕೂಟರಿನ ಮಗುವಿಗೆ ಇಷ್ಟು ಸೂಕ್ಷ್ಮವಾಗಿ ಅಳತೆಗಳನ್ನು ಕೊಟ್ಟಿರುವಾಗ, ಕಾರಿನ ಮಗುವಿಗೆ ಅಧಿನಿಯಮವು ಕೊಟ್ಟಿರುವ ಒಂದೇ ಅಳತೆ ಹದಿನಾಲ್ಕು ವರ್ಷವೆಂಬುದು.